ಪಟದೊಳಗಿನ ಈರುಳ್ಳಿ

ಒಂದು ಕಾಡಿನಲ್ಲಿ ಪಾಳುಬಿದ್ದ ಬೇಟೆ ಬಂಗಲೆಯಿತ್ತು. ನರಿಯೊಂದು ಅಲ್ಲಿಂದ ಹಳೆಯ ಪಟವೊಂದನ್ನು ಎಳೆದುತಂದು ಆಲದ ಬುಡಕ್ಕೆ ಒರಗಿಸಿತು. ಪಟದಲ್ಲಿ ಗೌಜಲಹಕ್ಕಿಯೊಂದು ಗೋಡೆಯ ಮೊಳೆಯಿಂದ ತಲೆಕೆಳಗಾಗಿ ತೂಗುತ್ತಿತ್ತು. ಒಂದು ಕಾಲಿಗೆ ದಾರ. ಕೆಳಗೆ ಮೇಜಿನ ಮೇಲೆ ನಿಂಬೆಹಣ್ಣು, ಈರುಳ್ಳಿ, ಒಂದು ಚೂರಿ.

"ನೋಡಿ ಮಕ್ಕಳೇ, ಈಕೆ ನಿಮ್ಮ ಕುಲದ ಮಹಾತಪಸ್ವಿನಿ. ಒಂಟಿಕಾಲಿನ ತಪಸ್ಸು ಮಾಡಿ ಸೀದಾ ಸ್ವರ್ಗಕ್ಕೆ ಹೋದಳು" ಎಂದಿತು ನರಿ, ನೆರೆದ ಗೌಜಲಹಕ್ಕಿಗಳಿಗೆ. "ದಿನಕ್ಕೊಬ್ಬರಂತೆ ನನ್ನ ಗವಿಗೆ ಬನ್ನಿ. ದೀಕ್ಷೆ ಕೊಡುತ್ತೇನೆ."

ಹಕ್ಕಿಗಳೆಲ್ಲ ಭಕ್ತಿಯಿಂದ ಕೊಕ್ಕು ಬಾಗಿಸಿದವು. ಮೊದಲ ಸರದಿ ಕೆಂಚಿ ಎಂಬ ಗೌಜಲಹಕ್ಕಿಯ ಮಗಳಿಗೆ ಬಂತು.

ಕೆಂಚಿ ಮಾತ್ರ ತಲೆ ಬಾಗಿಸಲಿಲ್ಲ. ಪಟದ ಮುಂದೆ ನಿಂತು ಮೂಲೆಮೂಲೆಯನ್ನೂ ನೋಡಿದಳು. ಊರಂಚಿನ ಹನುಮಪ್ಪನ ಗುಡಿಯ ಅಂಗಳದಲ್ಲಿ ಕಾಳು ಹೆಕ್ಕಿ ಬೆಳೆದವಳು ಅವಳು. ಪೂಜೆ ಎಂದರೇನೆಂದು ಬಲ್ಲಳು.

"ನರಿಯಪ್ಪಾ, ಈ ನಿಂಬೆಹಣ್ಣು ಯಾಕೆ?"

"ಪೂಜೆಗೆ, ತಾಯಿ."

"ಚೂರಿ?"

"ನಿಂಬೆಹಣ್ಣು ಕೊಯ್ಯಬೇಡವೇ?"

"ಸರಿ. ಈರುಳ್ಳಿ?"

"ಅದೂ ಪೂಜೆಗೇ!"

ಕೆಂಚಿ ರೆಕ್ಕೆ ಕೊಡವಿದಳು. "ಯಾವ ದೇವರಿಗಯ್ಯಾ ಈರುಳ್ಳಿ ನೈವೇದ್ಯ? ಇದು ಪೂಜೆಯ ಸಾಮಾನಲ್ಲ, ಸಾರಿನ ಸಾಮಾನು! ನನ್ನ ಮಗಳು ಬರುವುದಿಲ್ಲ."

"ಗುರುನಿಂದೆ!" ನರಿ ಹಲ್ಲು ಮಸೆಯಿತು.

"ಸುಮ್ಮನಿರೇ ಕೆಂಚಿ, ಶಾಪ ಹಾಕಿಬಿಟ್ಟಾನು" ಎಂದು ಮುದಿ ಗೌಜಲಹಕ್ಕಿಯೊಂದು ಪಿಸುಗುಟ್ಟಿತು.

"ಹಾಕಲಿ ಬಿಡಜ್ಜಿ. ಗುರುವಾದವನು ಮೊದಲು ತಾನು ಮಾಡಿ ತೋರಿಸಲಿ. ಅಲ್ಲಿಯವರೆಗೆ ನಾನು ಒಂದು ಹೆಜ್ಜೆ ಕದಲುವವಳಲ್ಲ."

ಮಾತು ಉಳಿದ ಹಕ್ಕಿಗಳಿಗೂ ಹಿಡಿಸಿತು. "ಹೌದು ಗುರುಗಳೇ, ತೋರಿಸಿ, ತೋರಿಸಿ!"

ನರಿಗೆ ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅರೆಗಳಿಗೆ ತಾನೇ ಎಂದುಕೊಂಡು ಕಾಲು ಚಾಚಿತು. ಕೋತಿಯೊಂದು ಕುಣಿಯುತ್ತ ಬಂದು, ಬಳ್ಳಿಯಿಂದ ಬಿಗಿದು ಕೊಂಬೆಗೆ ನೇತುಹಾಕಿತು.

ನೆತ್ತರು ತಲೆಗಿಳಿಯಿತು. ಕಣ್ಣುಗುಡ್ಡೆ ಮೇಲಾಯಿತು. "ಅಯ್ಯೋ, ಬಿಡಿಸ್ರೋ! ಇದು ತಪಸ್ಸಲ್ಲ! ಆ ಹಕ್ಕಿ ಸತ್ತಿದೆ! ಕೊಂದು ನೇತುಹಾಕಿದ್ದಾರೆ!" ಎಂದು ನರಿ ಊಳಿಟ್ಟಿತು.

ಹಕ್ಕಿಗಳೆಲ್ಲ ಪಟದಿಂದ ಹಿಂದೆ ಸರಿದವು. ಕೆಂಚಿ ಮಗಳನ್ನು ರೆಕ್ಕೆಯೊಳಗೆ ಎಳೆದುಕೊಂಡಳು.

"ಈಗ ಪಟದ ಅರ್ಥ ಸರಿಯಾಗಿ ಹೇಳಿದಿರಿ, ಗುರುಗಳೇ" ಎಂದಳು.

ನರಿಯ ಒದ್ದಾಟಕ್ಕೆ ಬಳ್ಳಿ ಹರಿಯಿತು. ಧೊಪ್ಪನೆ ಬಿದ್ದ ನರಿ ಮೂರು ಕಾಲಲ್ಲಿ ಕುಂಟುತ್ತ ಓಡಿತು. ಆಮೇಲೆ ಅದು ಆ ಕಾಡಿನ ಕಡೆ ತಲೆಹಾಕಲಿಲ್ಲ.

ನೀತಿ: ಕಣ್ಣಿಗೆ ಕಂಡದ್ದನ್ನು ಬಿಟ್ಟು ಪರರು ಹೇಳಿದ ಅರ್ಥವನ್ನು ನಂಬಬೇಡ, ತಾನು ನಡೆಯದ ದಾರಿಗೆ ನಿನ್ನನ್ನು ಕಳಿಸುವವನಿಗೆ ತಲೆಬಾಗಬೇಡ.