ತುಟಿ ಅಲ್ಲಾಡಿದ ತಪ್ಪು

ನಮ್ಮೂರ ಹತ್ತಿ ಗಿರಣಿಯಲ್ಲಿ ಗಂಡಸರು ಮಗ್ಗ ನಡೆಸೋರು, ಹೆಂಗಸರು ಪಕ್ಕದಲ್ಲೇ ನೂಲು ಸುತ್ತೋರು. ಆ ಗದ್ದಲದಲ್ಲಿ ಕಿವಿಯ ಹತ್ತಿರ ಕಿರುಚಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು.

ಮೈಸೂರಿನಿಂದ ಹೊಸದಾಗಿ ಬಂದ ಮ್ಯಾನೇಜರ್ ಶೇಷಗಿರಿರಾಯರಿಗೆ ಇದು ಗೊತ್ತಿರಲಿಲ್ಲ. ಹೆಂಗಸರ ಬಾಯಿ ಆಡುವುದಷ್ಟೇ ಅವರ ಕಣ್ಣಿಗೆ ಬಿತ್ತು. ಸಂಜೆ ಮಗ್ಗಗಳು ನಿಂತ ಮೇಲೆ ಹೆಂಗಸರನ್ನು ಸೇರಿಸಿ ಗದರಿದರು:

“ನಾಳೆಯಿಂದ ಯಾವ ಹೆಂಗಸಿನ ತುಟಿ ಅಲ್ಲಾಡಿದರೂ ಕೆಲಸದಿಂದ ತೆಗೀತೀನಿ!”

“ಗಂಡಸರದ್ದು ಅಲ್ಲಾಡಿದ್ರರೀ?” ಎಂದಳು ನೂಲು ಸುತ್ತುವ ತಿಪ್ಪವ್ವ.

“ಅವರದು ಕೆಲಸದ ಮಾತು. ನಿಮ್ಮದು ಹರಟೆ.”

ಮರುದಿನ ಧಣಿಗಳು ಗಿರಣಿ ನೋಡಲು ಬಂದರು. ಅವರ ಬೆನ್ನ ಹಿಂದೆ ನಡೆಯುತ್ತಿದ್ದ ರಾಯರು, ಈ ಸದ್ದಿನಲ್ಲಿ ಯಾರಿಗೆ ಕೇಳಿಸೀತು ಎಂಬ ಧೈರ್ಯದಲ್ಲಿ, “ಈ ಮುದುಕನಿಗೆ ಎಮ್ಮೆ ಕಾಯೋದಕ್ಕೂ ಬರಲ್ಲ, ಗಿರಣಿ ಬೇರೆ ಕೇಡು” ಎಂದು ಗೊಣಗಿದರು. ತಿಪ್ಪವ್ವ ಕಿಸಕ್ಕನೆ ನಕ್ಕು ಪಕ್ಕದವಳಿಗೆ ಅದನ್ನೇ ಹೇಳಿದಳು. ಹೇಳುತ್ತಿದ್ದಾಗಲೇ ರಾಯರ ಕಣ್ಣಿಗೆ ಬಿದ್ದಳು.

ಅವಳನ್ನು ಹೊರಗೆ ಕರೆಸಿ, ಧಣಿಗಳ ಮುಂದೆ ನಿಲ್ಲಿಸಿ, “ಇವಳ ತುಟಿ ಅಲ್ಲಾಡಿತು, ಸ್ವಾಮಿ. ಇವತ್ತೇ ಮನೆಗೆ ಕಳಿಸ್ತೀನಿ” ಎಂದರು.

“ಹೋಗ್ತೀನ್ರೀ. ಆದ್ರ ಧಣ್ಯಾರ, ನಿಮ್ಮ ಬೆನ್ನ ಹಿಂದ ಸಾಹೇಬ್ರ ತುಟೀನೂ ಅಲ್ಲಾಡ್ತು. ನಾವು ತುಟಿ ನೋಡೇ ಮಾತು ತಿಳ್ಕೊಳ್ಳೋರು. ಏನಂದ್ರು ಹೇಳ್ಲೇನ್ರೀ?”

ರಾಯರ ಮುಖ ಬಿಳಿಚಿತು. “ಅದು... ಅದು ಕೆಲಸದ ಮಾತು!”

“ಏನದು?” ಎಂದರು ಧಣಿಗಳು.

ತಿಪ್ಪವ್ವ ಕೈಮುಗಿದಳು. “ಹೆಂಗಸರು ಮಾತಾಡ್ಕೋತ ದುಡಿದ್ರ ಕೆಲಸ ಚಲೋ ಸಾಗ್ತದ ಅಂದ್ರು, ಧಣ್ಯಾರ. ಹೌದಲ್ರೀ ಸಾಹೇಬ್ರ?”

“ಹೌದು, ಹೌದು” ಎಂದರು ರಾಯರು.

ಅಂದಿನಿಂದ ರಾಯರು ಗಿರಣಿಯೊಳಗೆ ಕಾಲಿಟ್ಟರೆ ಬಾಯಿಗೆ ಕರವಸ್ತ್ರ. ಕೇಳಿದವರಿಗೆ ಹತ್ತಿ ಧೂಳು ಅಂತಾರೆ.