ಗದ್ದಲದ ಊರು ಹುಡುಕಿದ ದೊರೆ

ಹೊಂಗೆದುರ್ಗದಲ್ಲಿ ಹೊನ್ನಾಜಮ್ಮನವರ ಮನೆತನವೆಂದರೆ ಸಾಮಾನ್ಯವೇ? ಮುತ್ತಜ್ಜ ಕೋಟೆಯ ಬುನಾದಿಗೆ ಮುಹೂರ್ತ ಇಟ್ಟುಕೊಟ್ಟವರು. ಅಜ್ಜ ದೊರೆಯ ಅಜ್ಜನಿಗೆ ಅಕ್ಷರ ತಿದ್ದಿಸಿದವರು. ತಂದೆ ಮಂತ್ರಿ. ಈಗ ಆಸ್ಥಾನದ ರೀತಿನೀತಿ ನೋಡಿಕೊಳ್ಳುವವರು ಹೊನ್ನಾಜಮ್ಮನವರೇ. ಅವರ ಮುಂದೆ ದೊರೆಯೂ ಕಾಲ ಮೇಲೆ ಕಾಲು ಹಾಕಿ ಕೂರುತ್ತಿರಲಿಲ್ಲ.

ಒಂದು ದಿನ ದೊರೆ ಮಲ್ಲರಸ ತುಂಬಿದ ಸಭೆಯಲ್ಲಿ ಹೇಳಿದ: "ನನ್ನ ಕಿವಿ ಎಂಥದ್ದು ಗೊತ್ತೇ? ಇರುವೆ ನಡೆದರೂ ಕೇಳುತ್ತದೆ. ಕಂಚುಗಾರರ ಸುತ್ತಿಗೆ ಸದ್ದಿಗೆ ನನ್ನ ಮಧ್ಯಾಹ್ನದ ನಿದ್ದೆಯೇ ಹಾಳು. ಆ ಬೀದಿಯವರೆಲ್ಲ ಊರು ಬಿಡಲಿ."

ಕಂಚುಗಾರರ ಹಿರಿಯ ಬೊಮ್ಮಾಚಾರಿ ಕೈಮುಗಿದ. "ಊರು ಬಿಟ್ಟು ಕುಲುಮೆ ಎಲ್ಲಿ ಹೂಡೋಣ ಬುದ್ಧಿ? ಮಕ್ಕಳಿಗೆ ಏನು ಉಣಿಸೋಣ?"

ಹೊನ್ನಾಜಮ್ಮ ಸೆರಗು ಸರಿಪಡಿಸಿಕೊಂಡು ಎದ್ದರು. ವಿಚಾರಣೆಯಿಲ್ಲದ ತೀರ್ಪು ಅವರಿಗೆ ಸರಿಬಾರದು.

"ಇವರಿಗಿಂತ ಹೆಚ್ಚು ಗದ್ದಲದವರು ಸಿಕ್ಕರೆ?"

"ಅವರನ್ನೇ ಓಡಿಸುತ್ತೇನೆ. ಕಂಚುಗಾರರು ಇರಲಿ. ಮಾತು ಕೊಟ್ಟೆ."

"ಹಾಗಾದರೆ ಹುಡುಕೋಣ. ಪಲ್ಲಕ್ಕಿ ಏರಿ, ಪರದೆ ಇಳಿಸಿಕೊಳ್ಳಿ. ಕಣ್ಣು ಮುಖ ನೋಡಿ ಮಣೆ ಹಾಕುತ್ತದೆ. ಕಿವಿಗೆ ಆ ದಾಕ್ಷಿಣ್ಯವಿಲ್ಲ."

ಸವಾರಿ ಹೊರಟಿತು. ಪದ್ಧತಿಯಂತೆ ಮುಂದೆ ಕೊಂಬಿನವರು, ನಗಾರಿಯವರು, ಹೊಗಳುಭಟರು. ಹುಟ್ಟಿನಿಂದ ಕೇಳಿದ ಆ ಸದ್ದು ದೊರೆಯ ಲೆಕ್ಕಕ್ಕೇ ಇರಲಿಲ್ಲ. ಪಕ್ಕದ ಮೇನೆಯಲ್ಲಿ ಹೊನ್ನಾಜಮ್ಮ.

ಗಾಣಿಗರ ಕೇರಿ ಬಂತು. "ಅಬ್ಬಾ, ಗಾಣ ಇಷ್ಟು ಕಿರುಚುತ್ತದೆಯೇ?" ಎಂದ ದೊರೆ ಪರದೆಯೊಳಗಿಂದ.

"ಪೂರ್ತಿ ಕೇಳಿಕೊಳ್ಳಿ ಬುದ್ಧಿ. ಅವಸರವೇನಿದೆ?"

ಹಳ್ಳಿ ಬಂತು. ಹೊಲದಲ್ಲಿ ತಮಟೆ ಬಡಿದು ಹಕ್ಕಿ ಓಡಿಸುತ್ತಿದ್ದರು. "ಹಳ್ಳಿ ತಣ್ಣಗಿರುತ್ತದೆ ಎಂದವರು ಯಾರು? ಇದು ಪೇಟೆಗಿಂತ ಕಡೆ."

"ಇನ್ನೂ ಸ್ವಲ್ಪ ಮುಂದೆ."

ಗಡಿ ಬಂತು. ದೊರೆ ಅಲ್ಲಿಗೆ ಬಂದಾಗ ಉಸಿರು ಬಿಡದೆ ಊದಬೇಕೆಂಬುದು ಅರಮನೆಯ ಪದ್ಧತಿ. ಹೊನ್ನಾಜಮ್ಮ ಕೊಂಬಿನವರಿಗೆ ಅದನ್ನು ನೆನಪಿಸಿದರು. ಪದ್ಧತಿ ತಪ್ಪಬಾರದಲ್ಲ. ಅವರು ಕೆನ್ನೆ ಉಬ್ಬಿಸಿ ಊದಿದರು.

ದೊರೆ ಎರಡೂ ಕಿವಿ ಮುಚ್ಚಿಕೊಂಡ. "ಸಿಕ್ಕರು. ಇವರ ಮುಂದೆ ಕಂಚುಗಾರರು ಏನೂ ಅಲ್ಲ. ಈ ಊರನ್ನೇ ಎತ್ತಿಸಿ." ಪರದೆ ಸರಿಸಿ ನೋಡಿದ.

ಬೋಳು ಬಯಲು. ಒಂದು ಎಮ್ಮೆ ಮೆಲುಕು ಹಾಕುತ್ತಿತ್ತು. ಕೊಂಬಿನವರು ಉಬ್ಬಿಸಿದ ಕೆನ್ನೆಯಲ್ಲೇ ನಿಂತರು.

"ಊರೆಲ್ಲಿ?"

"ಊರಿಲ್ಲ ಬುದ್ಧಿ. ಗದ್ದಲ ನಾವೇ ಹೊತ್ತು ತಂದದ್ದು. ಈಗ ಯಾರನ್ನು ಓಡಿಸೋಣ, ಎಮ್ಮೆಯನ್ನೋ, ನಮ್ಮನ್ನೋ?"

ದೊರೆ ಎಮ್ಮೆಯನ್ನು ನೋಡಿದ, ಕೊಂಬಿನವರನ್ನು ನೋಡಿದ. ನಗು ತಡೆಯಲಾಗಲಿಲ್ಲ. ಕೊರಳ ಹಾರ ತೆಗೆದು ಚಾಚಿದ. "ಗೆದ್ದಿರಿ. ಕಂಚುಗಾರರು ಇರಲಿ. ಇದು ನಿಮಗೆ."

ಹೊನ್ನಾಜಮ್ಮ ಕೈ ಚಾಚಲಿಲ್ಲ.

"ಹಾರ ನಿಮ್ಮಲ್ಲೇ ಇರಲಿ. ಕೊಂಬು ಇಲ್ಲೇ ಬಿಟ್ಟು ಬೊಮ್ಮಾಚಾರಿಯ ಬಾಗಿಲಿಗೆ ನಡೆಯಿರಿ. ಅವನ ಕ್ಷಮೆ ಕೇಳಬೇಕು."