ಬೇಲಿಯಾಚೆಯ ಸಿದ್ದಮಾದಮ್ಮ

ಕೊಳ್ಳೇಗಾಲದ ಕಡೆ ಹೊಲವೊಂದನ್ನು ಕೊಂಡು ರುದ್ರಪ್ರಸಾದರು ಹೋಮ್‌ಸ್ಟೇ ಕಟ್ಟಿಸಿದರು. ಮಣ್ಣಿನ ಗೋಡೆ, ಬಿಸಿಲಿನ ಕರೆಂಟು, ಸಗಣಿ ಗ್ಯಾಸು. ಬೇಲಿಯಾಚೆಯಿಂದ ಏನೂ ಒಳಗೆ ಬರಬಾರದು ಎಂಬುದು ಅವರ ಹಟ. ಆ ಹಟವನ್ನೆಲ್ಲ ಹೊತ್ತವಳು ಅಡುಗೆಯ ಸಿದ್ದಮಾದಮ್ಮ. ಸಗಣಿ ಕಲಸಿ, ರಾಗಿ ಬೀಸಿ, ನೀರು ಸೇದಿ ಅವಳ ಸೊಂಟ ಬಿದ್ದುಹೋಗಿತ್ತು.

ಮೊದಲ ಅತಿಥಿಗಳು ಬರುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಂಗಡಿ ಉಪ್ಪಿನ ಪೊಟ್ಟಣ ರುದ್ರಪ್ರಸಾದರ ಕಣ್ಣಿಗೆ ಬಿತ್ತು.

"ನಾಳೆಯಿಂದ ಹೊರಗಿನದು ಯಾವುದೂ ಈ ಗೇಟು ದಾಟಕೂಡದು. ದಾಟಿದರೆ ನಿನ್ನ ಕೆಲಸ ಹೋಯಿತು ಅಂತ ತಿಳಿ."

"ಆಯ್ತು ಸ್ವಾಮಿ," ಎಂದಳು. ವಾದ ಮಾಡಲು ತ್ರಾಣವಿರಲಿಲ್ಲ.

ಬೆಳಿಗ್ಗೆ ಊರಿನಿಂದ ನಡೆದು ಬಂದವಳು ಗೇಟಿನ ಹೊರಗಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತಳು. ಕಾರಿನಲ್ಲಿ ಬಂದ ಅತಿಥಿಗಳು ಗೇಟು ತೆಗೆಯಮ್ಮ ಎಂದರು.

"ಹೊರಗಿನದು ಒಳಕ್ಕೆ ಹೋಗಂಗಿಲ್ವಂತೆ. ನಾನೂ ಕೂತಿವ್ನಿ, ನೀವೂ ಕೂತ್ಕಳಿ," ಎಂದು ಸರಿದು ಜಾಗ ಬಿಟ್ಟಳು. ಅವರೂ ಕೂತರು.

ಒಳಗೆ ಮುದ್ದೆ ತಿರುವಲು ಹೋಗಿ ಕೈ ಸುಟ್ಟುಕೊಂಡ ರುದ್ರಪ್ರಸಾದರು ಗೇಟಿಗೆ ಓಡಿಬಂದರು.

"ಇಷ್ಟು ಹೊತ್ತಾದರೂ ಒಳಗೆ ಬರಲಿಲ್ಲವೇಕೆ?"

"ನಾನು ಬೇಲಿಯಾಚೆಯೋಳಲ್ವಾ ಸ್ವಾಮಿ. ಇಷ್ಟು ದಿನ ತಿಳೀದೆ ಬಂದ್ಬುಟ್ಟೆ."

ಅತಿಥಿಗಳಲ್ಲೊಬ್ಬರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ರುದ್ರಪ್ರಸಾದರು ಗೇಟು ಪೂರ್ತಿ ತೆರೆದು ಪಕ್ಕಕ್ಕೆ ನಿಂತರು. ಅತಿಥಿಗಳು ಒಳಗೆ ಹೋದರು. ಸಿದ್ದಮಾದಮ್ಮ ಮಾತ್ರ ಏಳಲಿಲ್ಲ.

"ಇನ್ನೂ ಏನಮ್ಮ?" ಎಂದರು ಅವರು ಮೆಲ್ಲಗೆ.

"ಏನಿಲ್ಲ ಸ್ವಾಮಿ. ಹಿಂಗೆ ಕೂತು ಬಾಳ ದಿನ ಆಗಿತ್ತು. ಇನ್ನೊಂದು ಗಳಿಗೆ ಕೂತಿರ್ತೀನಿ."